ರೇಸಿನ ಕೊನೆಗೂ ಕಾಲಲ್ಲಿ ಕಸುವು ಉಳಿದದ್ದು ಹೀಗೆ

ಕಾಸರಗೋಡಿನ ನಾವು ಕೆಲವರು ಚಂದ್ರಗಿರಿ ಸೇತುವೆ ದಾಟಿ ಬೇಕಲದತ್ತ ಸೈಕಲ್ ರೇಸಿನ ತಯಾರಿ ನಡೆಸುತ್ತೇವೆ. ನನ್ನ ತೊಂದರೆ ಒಂದೇ: ಕೊನೆಯ ಕಿಲೋಮೀಟರುಗಳಲ್ಲಿ ತೊಡೆ ಕಲ್ಲಾಗುತ್ತಿತ್ತು. ತರಬೇತಿ ಹೆಚ್ಚಿಸಿದರೂ ಸರಿಹೋಗದ್ದು ಗಾಳಿಯ ಲೆಕ್ಕ ಹಿಡಿದ ಮೇಲೆ ಸರಿಹೋಯಿತು.

ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 30 ಕಿ.ಮೀ.ಯಿಂದ 36ಕ್ಕೆ ಹೋದರೆ ಆ ಪಾಲು ಸುಮಾರು 1.7 ಪಟ್ಟು! ಮುಂದಿನವರ ಮರೆಯಲ್ಲಿ ಓಡಿಸಿದರೆ ಶ್ರಮದಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ನೇರ ಹಿಂದೆ ಇದ್ದರೆ ಸಾಲದು. ರಸ್ತೆ ಹೆಚ್ಚುಕಡಿಮೆ ತೆಂಕು ಬಡಗಾಗಿ ಸಾಗುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಪಡುವಣದಿಂದ ಅಡ್ಡ ಹೊಡೆಯುತ್ತದೆ. ಹಾಗಾಗಿ ಬೇಕಲಕ್ಕೆ ಹೋಗುವಾಗ ಮುಂದಿನವರ ಎಡಕ್ಕೆ ಓರೆಯಾಗಿ ಇರುತ್ತೇನೆ, ಚಕ್ರಕ್ಕೆ ಚಕ್ರ ತಾಗದಷ್ಟು ಅಂತರವಿಟ್ಟು. ಮರಳುವಾಗ ಮರೆ ಬಲಕ್ಕೆ, ಅಂದರೆ ನಡುರಸ್ತೆಯ ಕಡೆಗೆ ಸಿಗುತ್ತದೆ. ವಾಹನ ಓಡುವ ರಸ್ತೆಯಲ್ಲಿ ಆ ಆಸೆ ಬೇಡವೇ ಬೇಡ, ಜೀವ ದೊಡ್ಡದು.

ಯಾರೋ ಒಬ್ಬರು ಛಂಗನೆ ಮುಂದೆ ಹಾರಿದರೆ ಬೆನ್ನಟ್ಟುವುದನ್ನೂ ಬಿಟ್ಟೆ. ಒಂಟಿ ಸವಾರರನ್ನು ಎದುರುಗಾಳಿಯೇ ಹೆಚ್ಚಾಗಿ ಹಿಂದಕ್ಕೆ ತರುತ್ತದೆ. ಮೂರು ನಾಲ್ಕು ಜನ ಒಗ್ಗಟ್ಟಾಗಿ ಹೊರಟರೆ ಮಾತ್ರ ತಡಮಾಡದೆ ಸೇರಿಕೊಳ್ಳುತ್ತೇನೆ.

ಹೊಟ್ಟೆಗೆ, ಹಸಿವಾಗುವ ಮೊದಲೇ ಬಾಳೆಹಣ್ಣು, ಬೆಲ್ಲದ ನೀರು.

ಈಗ ಕೊನೆಯ ತಿರುವಿನವರೆಗೂ ಗುಂಪಿನ ಮುಂಭಾಗದಲ್ಲಿ ನಾಲ್ಕನೆಯವನೋ ಐದನೆಯವನೋ ಆಗಿ ಇದ್ದು, ಸುಮಾರು 200 ಮೀಟರ್ ಉಳಿದಾಗಲಷ್ಟೇ ಮರೆ ಬಿಟ್ಟು ಹೊರಬರುತ್ತೇನೆ.