ಬೆಲ್ಲದ ಲೇಬಲ್ಲಿನ ಚಿತ್ರ ಯಾರದ್ದು?

ಮೈಸೂರಿನಲ್ಲಿ ನನ್ನದೊಂದು ಚಿಕ್ಕ ಡಿಸೈನ್ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಪ್ಯಾಕೆಟ್ ಲೇಬಲ್ಲು ಮಾಡಿಕೊಡುತ್ತೇನೆ. ಈಗೀಗ ಗಿರಾಕಿಗಳೇ ಫೋನಿನಲ್ಲಿ ಎಐ ಚಿತ್ರ ಮಾಡಿಕೊಂಡು ಬಂದು, "ಇದನ್ನೇ ಹಾಕ್ಬಿಡಿ ಸಾರ್" ಅನ್ನುತ್ತಾರೆ. ಹಾಕೋದೇನೂ ಕಷ್ಟವಲ್ಲ. ನಾಳೆ ಆ ಚಿತ್ರ ಯಾರದ್ದು ಅಂತ ಕೇಳಿದರೆ ಏನು ಹೇಳೋದು ಅನ್ನೋದೇ ತಲೆನೋವು.

ಪಾಂಡವಪುರದ ಕಡೆಯ ಆಲೆಮನೆಯವರೊಬ್ಬರು ಬೆಲ್ಲದ ಪ್ಯಾಕೆಟ್ಟಿಗೆ ಹೀಗೇ ಒಂದು ಚಿತ್ರ ತಂದಿದ್ದರು. ದೂರದಿಂದ ಚೆನ್ನಾಗಿಯೇ ಇತ್ತು. ದೊಡ್ಡದು ಮಾಡಿ ನೋಡಿದರೆ ಕಬ್ಬಿಗೆ ಜೋಳದ ಗರಿ, ಕೊಪ್ಪರಿಗೆಯ ಕೆಳಗೆ ದಪ್ಪ ದಪ್ಪ ಸೌದೆ. "ನಮ್ಮಲ್ಲಿ ಒಣಗಿದ ಸಿಪ್ಪೆ ಹಾಕಿ ಉರಿಸ್ತೀವಿ, ಇದ್ಯಾವ ಊರಿನ ಆಲೆಮನೆ?" ಅಂತ ಅವರೇ ನಕ್ಕರು. ಮೇಲಿದ್ದ ಅಕ್ಷರ ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಆದರೆ ಅವರ ಪ್ರಶ್ನೆ ಬೇರೆ ಇತ್ತು: "ಪಕ್ಕದೂರಿನವರು ಇದನ್ನೇ ಕಾಪಿ ಹೊಡೆದರೆ ತಡೆಯೋಕಾಗುತ್ತಾ?"

ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್ ತಯಾರಿಸಿದ ಕೃತಿಗೆ, ಅದು ಆಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಅಂತ 1994ರ ತಿದ್ದುಪಡಿಯಲ್ಲಿ ಸೇರಿಸಿದರು. ಆಗ ಈ ಎಐ ಎಲ್ಲಿತ್ತು? ಈಗ ಆ ವ್ಯಕ್ತಿ ಯಾರು? ಹೀಗೆ ಬೇಕು ಅಂದ ಗಿರಾಕಿಯಾ, ಎಐಗೆ ಕೊಡುವ ಸೂಚನೆ, ಅಂದರೆ ಪ್ರಾಂಪ್ಟ್, ಟೈಪ್ ಮಾಡಿದ ನಾನಾ, ಆ ಎಐ ಕಂಪನಿಯಾ? ಇನ್ನೊಂದು ತೊಡಕೂ ಇದೆ. ಬರೀ ದುಡಿಮೆ ಸಾಲದು, ಸ್ವಲ್ಪವಾದರೂ ಸ್ವಂತ ಜಾಣ್ಮೆ, ವಿವೇಚನೆ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಸಾಲಿನ ಪ್ರಾಂಪ್ಟಿನಲ್ಲಿ ಅದನ್ನು ತೋರಿಸೋದು ಹೇಗೆ? ಅಮೆರಿಕದಲ್ಲಂತೂ ಯಂತ್ರವನ್ನೇ ಕರ್ತೃ ಅಂತ ಬರೆದುಕೊಟ್ಟ ಚಿತ್ರಕ್ಕೆ ಕಾಪಿರೈಟ್ ಇಲ್ಲ ಅಂತ 2025ರಲ್ಲಿ ಮೇಲ್ಮನವಿ ಕೋರ್ಟೂ ಹೇಳಿತು. ಆ ತೀರ್ಪು ನಮಗೆ ಕಟ್ಟುಪಾಡಲ್ಲ, ನಿಜ. ಆದರೂ ಗಿರಾಕಿಯ ದುಡ್ಡಿನಲ್ಲಿ ನಾನು ಪರೀಕ್ಷೆ ಮಾಡೋಕೆ ಹೋಗಲ್ಲ.

ಅದಕ್ಕೇ ಅವರ ಆಲೆಮನೆಗೇ ಹೋದೆ. ವಾಟ್ಸಾಪಿನಲ್ಲಿ ಬಂದ ಯಾರದ್ದೋ ಫೋಟೊ ಕೊಟ್ಟು "ಇದನ್ನು ಎಐನಲ್ಲಿ ಪೇಂಟಿಂಗ್ ಮಾಡಿ" ಅಂದಿದ್ದರು, ಅದನ್ನು ಮುಟ್ಟಲಿಲ್ಲ. ಫೋಟೊಗೂ ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತೆ, ತೆಗೆದವರು ಯಾರೋ ಏನೋ. ನನ್ನ ಫೋನಿನಲ್ಲೇ ತೆಗೆದುಕೊಂಡೆ. ಪಾಕ ಉಕ್ಕುವಾಗ ಏಳುವ ನೊರೆ, ಅಚ್ಚಿಗೆ ಸುರಿಯುವವನ ಮೊಣಕೈ ಬಾಗುವ ರೀತಿ. ಅಂಗಡಿಗೆ ಬಂದು ಪೆನ್ಸಿಲ್ಲಿನಲ್ಲಿ ಬರೆದು, ಕೋರಲ್ ಡ್ರಾದಲ್ಲಿ ತಿದ್ದಿದೆ. ಹೆಸರಿನ ಅಕ್ಷರವೂ ಕೈಬರಹವೇ. ಹಿಂದಿನ ಗೋಣಿಚೀಲದ ನೇಯ್ಗೆ ಮಾತ್ರ ಎಐ ಕೊಟ್ಟದ್ದು. ಫೋಟೊ, ಪೆನ್ಸಿಲ್ ಹಾಳೆ, ಚಿತ್ರದ ಲೇಯರ್ (ಪದರ) ಬೇರೆ ಬೇರೆ ಇರುವ ಫೈಲು, ಎಲ್ಲವನ್ನೂ ತಾರೀಕು ಹಾಕಿ ಎತ್ತಿಟ್ಟಿದ್ದೇನೆ. ನಾಳೆ ಜಗಳ ಬಂದರೆ ಮಾತಾಡೋದು ಇವೇ.

ಕಾಗದದ ಕೆಲಸ ಬಹಳ ಜನ ಬಿಟ್ಟುಬಿಡುತ್ತಾರೆ. ದುಡ್ಡು ಕೊಟ್ಟ ಮಾತ್ರಕ್ಕೆ ಲೇಬಲ್ಲಿನ ಹಕ್ಕು ತಾನಾಗಿ ಗಿರಾಕಿಗೆ ಹೋಗುತ್ತೆ ಅಂತ ಅಂದುಕೊಳ್ಳಬೇಡಿ, ಬರೆದುಕೊಟ್ಟು ಸಹಿ ಹಾಕಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಪ್ರಕಾರ ಅದು 5 ವರ್ಷಕ್ಕೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕಷ್ಟೇ. ಇವರಿಗೆ ದುಬೈಗೂ ಬೆಲ್ಲ ಕಳಿಸುವ ಆಸೆ. ಅದಕ್ಕೆ ಪೂರ್ತಿ ಅವಧಿ, ಎಲ್ಲ ದೇಶ ಅಂತ ಬಿಡಿಸಿ ಬರೆದೆ. ಹಿನ್ನೆಲೆಯ ನೇಯ್ಗೆ ಎಐನದ್ದು, ಅದರ ಮೇಲೆ ನನ್ನ ಹಕ್ಕು ಅಂತ ಏನೂ ಮಾರುತ್ತಿಲ್ಲ ಅಂತಲೂ ಒಂದು ಸಾಲು ಸೇರಿಸಿದೆ. ಗಿರಾಕಿಗೆ ಆ ಸಾಲು ಅಷ್ಟು ಹಿಡಿಸಲಿಲ್ಲ, ಆದರೂ ಸಹಿ ಹಾಕಿದರು.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಮಾಡಿಸೋದಾದರೆ, ಸರಕಿನ ಮೇಲೆ ಬಳಸುವ ಚಿತ್ರಕ್ಕೆ ಅದೇ ಥರದ ಟ್ರೇಡ್‌ಮಾರ್ಕ್ ಬೇರೆಯವರ ಹೆಸರಿನಲ್ಲಿಲ್ಲ ಅಂತ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಪ್ರಮಾಣಪತ್ರವೂ ಬೇಕು. ನನ್ನನ್ನು ಕೇಳಿದರೆ, ಪಕ್ಕದೂರಿನವರನ್ನು ತಡೆಯೋಕೆ ಮೊದಲು ಬ್ರಾಂಡ್ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸೋದು ಜಾಸ್ತಿ ಉಪಯೋಗ. ಚಿತ್ರ ಯಂತ್ರದ್ದೋ ಕೈಯದ್ದೋ ಅನ್ನೋ ವಾದವೇ ಅಲ್ಲಿ ಬೇಡ. ಅವರಿಗೂ ಅದನ್ನೇ ಹೇಳಿದೆ.

ಎಲ್ಲರಿಗೂ ಇಷ್ಟೆಲ್ಲ ಮಾಡಲ್ಲ. ಹುಟ್ಟುಹಬ್ಬದ ಫ್ಲೆಕ್ಸಿಗೆ ಯಾರು ಹಕ್ಕು ಕೇಳುತ್ತಾರೆ? ಎರಡು ದಿನದಲ್ಲಿ ಬಿಚ್ಚಿಹಾಕುತ್ತಾರೆ, ಅಲ್ಲಿ ಎಐ ಚಿತ್ರವೇ ಸಾಕು. ಇಂಥ ಕಲಾವಿದರ ಶೈಲಿಯಲ್ಲಿ ಮಾಡಿ ಅಂತ, ಈಗ ಬದುಕಿ ಕೆಲಸ ಮಾಡುತ್ತಿರುವವರ ಹೆಸರು ಹೇಳಿದರೆ ಮಾತ್ರ ಒಲ್ಲೆ ಅನ್ನುತ್ತೇನೆ. ಶೈಲಿಗೆ ಕಾಪಿರೈಟ್ ಇಲ್ಲದಿರಬಹುದು, ಅವರ ಹೊಟ್ಟೆಪಾಡು ಇದೆಯಲ್ವಾ. ಮೊನ್ನೆ ಒಬ್ಬರು ಎಐ ಮಾಡಿದ ಚಾಮುಂಡಿಯ ಚಿತ್ರಕ್ಕೆ ಚೌಕಟ್ಟು ಹಾಕಿ 'ಮೈಸೂರು ಸಾಂಪ್ರದಾಯಿಕ ಚಿತ್ರಕಲೆ' ಅಂತ ಚೀಟಿ ಅಂಟಿಸಿ ಮಾರೋಣ ಅಂದರು. ಆ ಹೆಸರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತಿನ ಕಾನೂನು ರಕ್ಷಣೆ) ಇದೆ, ಕೈಯಲ್ಲಿ ಬರೆಯುವವರು ಇಲ್ಲೇ ಇದ್ದಾರೆ ಅಂತ ವಿವರಿಸಿದೆ. ಪ್ರಿಂಟ್ ಬೇಕಾದರೆ ಹಾಕಿಕೊಡುತ್ತೇನೆ, ಆ ಚೀಟಿ ಮಾಡಲ್ಲ ಅಂದೆ. ಬೇರೆ ಕಡೆ ಹೋದರು.