ಅಳಿಸಿದ ಮೇಲೆ ಕಂಡ ಗಂಟು

ಡೈನೊಕಾಕಸ್ ರೇಡಿಯೊಡ್ಯೂರನ್ಸ್ ಎಂದರೆ ವಿಕಿರಣಕ್ಕೂ ಜಗ್ಗದ ಬ್ಯಾಕ್ಟೀರಿಯಾ ಎಂದೇ ಎಲ್ಲರಿಗೂ ಪರಿಚಯ. 1956ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ವಿಕಿರಣ ಹಾಯಿಸಿದ ಮೇಲೂ ಕೆಟ್ಟುಹೋಗಿದ್ದ ಡಬ್ಬಿ ಮಾಂಸದಲ್ಲಿ ಅದು ಸಿಕ್ಕಿತ್ತು. ನನ್ನನ್ನು ಸೆಳೆದದ್ದು ಅದರೊಳಗಿನ ಇನ್ನೊಂದು ಸಂಗತಿ: ಕೆಂಪು ಬೆಳಕನ್ನು ಗುರುತಿಸುವ ಫೈಟೊಕ್ರೋಮ್ ಪ್ರೋಟೀನ್. ಬೀಜ ಮೊಳೆಯಲು, ಗಿಡ ನೆರಳನ್ನು ಅರಿಯಲು ನೆರವಾಗುವುದೂ ಇದೇ ಕುಟುಂಬದ ಪ್ರೋಟೀನುಗಳೇ. ಆದರೆ ಈ ಇಡೀ ಕುಟುಂಬದಲ್ಲಿ ಮೊದಲು ಪರಮಾಣು ಮಟ್ಟದಲ್ಲಿ ಬಿಡಿಸಿದ ರಚನೆ ಈ ಬ್ಯಾಕ್ಟೀರಿಯಾದ್ದು. 2005ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕತ್ರಿನಾ ಫಾರೆಸ್ಟ್ ಮತ್ತು ರಿಚರ್ಡ್ ವಿಯರ್‌ಸ್ಟ್ರಾ ಅವರ ಗುಂಪು 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಅದನ್ನು ಪ್ರಕಟಿಸಿತು. 2007ರಲ್ಲಿ ಅದೇ ಗುಂಪು 1.45ಕ್ಕೆ ತಲುಪಿತು; ಈ ಅಂಕಿ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ.

ಈ ಪ್ರೋಟೀನಿನ ಒಂದೊಂದು ಅಮೈನೊ ಆಮ್ಲವನ್ನು ಬದಲಿಸಿ ನೋಡುವುದು ನಮ್ಮ ಉದ್ದೇಶ. ಅದಕ್ಕೆ ಮೊದಲು, ಏನೂ ಬದಲಿಸದ ಮೂಲ ರೂಪವನ್ನು ನಮ್ಮ ಕೈಯಿಂದಲೇ ಹರಳುಗಟ್ಟಿಸಿ ರಚನೆ ಬಿಡಿಸಿಕೊಳ್ಳಬೇಕಿತ್ತು. ಹೋಲಿಸಲು ನಮ್ಮದೇ ಆದ ಒಂದು ಅಳತೆಗೋಲು ಇಲ್ಲದೆ ಮುಂದಿನ ಯಾವ ಮಾತಿಗೂ ಬೆಲೆ ಇರುವುದಿಲ್ಲ.

ವರ್ಣದ್ರವ್ಯ ಕೂರುವ ತುಂಡನ್ನಷ್ಟೇ, ಅಂದರೆ ಪ್ಯಾಸ್ ಮತ್ತು ಗ್ಯಾಫ್ ಎಂಬ ಎರಡು ಭಾಗಗಳನ್ನು, ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದೆವು. ಆ ವರ್ಣದ್ರವ್ಯದ ಹೆಸರು ಬಿಲಿವರ್ಡಿನ್. ನಮ್ಮ ಮೈಮೇಲೆ ಪೆಟ್ಟು ಬಿದ್ದ ಜಾಗ ಕೆಲವು ದಿನಗಳ ಮೇಲೆ ಹಸಿರಾಗುವುದು ಇದೇ ವಸ್ತುವಿನಿಂದ. ಕೋಶ ಒಡೆದ ದ್ರಾವಣಕ್ಕೆ ಬಿಲಿವರ್ಡಿನ್ ಬೆರೆಸಿ ಕತ್ತಲಲ್ಲಿಟ್ಟರೆ ಪ್ರೋಟೀನ್ ತಾನಾಗಿಯೇ ಅದನ್ನು ಹಿಡಿದು ಕಟ್ಟಿಕೊಳ್ಳುತ್ತದೆ. ಪ್ರೋಟೀನನ್ನು ಬೇರ್ಪಡಿಸುವ ನಿಕ್ಕಲ್ ಕಾಲಮ್ಮಿನಲ್ಲಿ ನೀಲಿ-ಹಸಿರು ಪಟ್ಟಿಯೊಂದು ನಿಧಾನವಾಗಿ ಕೆಳಗಿಳಿಯುವುದನ್ನು ನೋಡುವುದೇ ನನಗೆ ಈ ಕೆಲಸದ ದೊಡ್ಡ ಖುಷಿ. ಬಹುಪಾಲು ಪ್ರೋಟೀನುಗಳಿಗೆ ಬಣ್ಣವೇ ಇರುವುದಿಲ್ಲ, ಯಂತ್ರ ಹೇಳಿದ್ದನ್ನು ನಂಬಿಕೊಂಡು ಹೋಗಬೇಕು. ಇದು ಮಾತ್ರ ತಾನು ಸರಿಯಾಗಿದ್ದೇನೋ ಇಲ್ಲವೋ ಎಂದು ಬಣ್ಣದಲ್ಲೇ ಹೇಳಿಬಿಡುತ್ತದೆ. 280 (ಪ್ರೋಟೀನ್ ಹೀರುವ) ಮತ್ತು 700 (ಬಿಲಿವರ್ಡಿನ್ ಹೀರುವ) ನ್ಯಾನೊಮೀಟರ್ ತರಂಗಾಂತರಗಳಲ್ಲಿ ಎಷ್ಟೆಷ್ಟು ಬೆಳಕು ಹೀರುತ್ತದೆಂದು ತಾಳೆ ನೋಡಿದರೆ ಶುದ್ಧಿಯೂ ತಿಳಿಯುತ್ತದೆ.

ಕೆಂಪು ಬೆಳಕು ಬಿದ್ದರೆ ರೂಪ ಬದಲಾಗುವ ವಸ್ತುವಾದ್ದರಿಂದ ಫೋಟೊ ತೊಳೆಯುವ ಕೋಣೆಯ ಕೆಂಪು ದೀಪ ಇಲ್ಲಿ ನಡೆಯದು. ಮಂದವಾದ ಹಸಿರು ದೀಪದಲ್ಲೇ ಎಲ್ಲ ಕೆಲಸ. ಆ ದೀಪದಡಿ ಪ್ರೋಟೀನಿನ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಹನಿಯಲ್ಲಿ ಹರಳು ಹುಡುಕುವಾಗ ಬಣ್ಣದ ಆಸೆ ಬಿಟ್ಟು ಅಂಚುಗಳನ್ನೇ ನೋಡಬೇಕು. ನಮಗೆ ಒಳ್ಳೆಯ ಹರಳು ಕೊಟ್ಟದ್ದು ಎಂಪಿಡಿ ಎಂಬ ಆಲ್ಕೊಹಾಲ್ ಇದ್ದ, ತುಸು ಆಮ್ಲೀಯ ದ್ರಾವಣ. ಎಂಪಿಡಿ ಧಾರಾಳವಾಗಿದ್ದರೆ ಇನ್ನೊಂದು ಅನುಕೂಲವೂ ಉಂಟು: ದ್ರವ ಸಾರಜನಕಕ್ಕೆ ಅದ್ದಿದಾಗ ಹರಳಿನ ಸುತ್ತ ಮಂಜುಗಡ್ಡೆ ಕಟ್ಟುವುದಿಲ್ಲ, ಬೇರೆ ರಕ್ಷಕ ದ್ರಾವಣ ಬೇಕಾಗುವುದಿಲ್ಲ.

ಹರಳಿನಿಂದ ರಚನೆ ಬಿಡಿಸಲು, ತೀವ್ರ ಎಕ್ಸ್‌ರೇ ಕೊಡುವ ಸಿಂಕ್ರೊಟ್ರಾನ್ ಯಂತ್ರದಲ್ಲಿ ಅದಕ್ಕೆ ಎಕ್ಸ್‌ರೇ ಹಾಯಿಸುವಾಗ ನಾವು ಡೋಸ್ ಆದಷ್ಟು ಕಡಿಮೆ ಇಟ್ಟೆವು. ಈ ಬ್ಯಾಕ್ಟೀರಿಯಾ ವಿಕಿರಣದಿಂದ ಬದುಕುಳಿಯುವುದು ಬಹುಮಟ್ಟಿಗೆ ತುಂಡಾದ ಡಿಎನ್‌ಎಯನ್ನು ಬೇಗ ಜೋಡಿಸಿಕೊಳ್ಳುವ ಶಕ್ತಿಯಿಂದ; ಹರಳಿನಲ್ಲಿರುವ ಪ್ರೋಟೀನಿಗೆ ಆ ರಕ್ಷಣೆ ಎಲ್ಲಿಂದ ಬರಬೇಕು? ಎಕ್ಸ್‌ರೇ ತಗುಲಿದರೆ ಬಿಲಿವರ್ಡಿನ್ ಪ್ರೋಟಾನ್ ಕಳೆದುಕೊಳ್ಳುತ್ತದೆ ಎಂದು ಇದೇ ಪ್ರೋಟೀನಿನ ಹರಳುಗಳಲ್ಲಿ ತೋರಿಸಿದ್ದಾರೆ. ಬಣ್ಣದ ಅಣುವನ್ನೇ ನೋಡಲು ಹೊರಟವರು ಇದನ್ನು ಮರೆಯುವ ಹಾಗಿಲ್ಲ.

ಡೇಟಾ ಬಂದ ಮೇಲಿನ ಭಾಗವೇ ನನಗೆ ಹೆಚ್ಚು ಮುಖ್ಯ. ರಚನೆ ಮೊದಲೇ ಗೊತ್ತಿದ್ದ ಕಾರಣ ಹಳೆಯ ಮಾದರಿಯನ್ನೇ ಆರಂಭಕ್ಕಿಟ್ಟು ಹೊಸ ಡೇಟಾಗೆ ಹೊಂದಿಸುವ ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್ ಮಾಡಬಹುದಿತ್ತು, ಮಾಡಿದೆವು. ಅಪಾಯ ಇರುವುದೂ ಅಲ್ಲೇ. ಕೊಟ್ಟ ಮಾದರಿಯ ನೆರಳು, ಪರಮಾಣುಗಳು ಎಲ್ಲಿವೆ ಎಂದು ತೋರಿಸುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ ಬಿದ್ದು, ಇಲ್ಲದ್ದೂ ಇರುವಂತೆ ಕಾಣುತ್ತದೆ. "ನೀನು ಯಾವುದನ್ನು ನೋಡಬೇಕು ಅಂತಿದ್ದೀಯೋ ಅದನ್ನೇ ಮೊದಲು ಅಳಿಸಮ್ಮ" ಎಂದರು ನಮ್ಮ ಸರ್. ಬಿಲಿವರ್ಡಿನ್ ತೆಗೆದೆ. ಅದು ಅಂಟಿಕೊಳ್ಳುವ 24ನೇ ಅಮೈನೊ ಆಮ್ಲ ಸಿಸ್ಟೀನ್ ತೆಗೆದೆ. ಗಂಟು ಇರುವ ಭಾಗವನ್ನೂ ಪೂರ್ತಿ ತೆಗೆದೆ.

ಗಂಟು ಎಂದೆನಲ್ಲ, ಈ ಪ್ರೋಟೀನಿನಲ್ಲಿ ನಿಜಕ್ಕೂ ಒಂದು ಗಂಟಿದೆ. ಪ್ಯಾಸ್‌ಗೂ ಮುಂಚಿನ ಎಳೆ, ಗ್ಯಾಫ್ ಭಾಗದ ಉದ್ದನೆಯ ಕುಣಿಕೆಯೊಳಗೆ ತೂರಿ ಹೋಗುತ್ತದೆ. ಕುಣಿಕೆಯ ನಟ್ಟನಡುವೆ 35ನೇ ಐಸೊಲ್ಯೂಸಿನ್. ಪ್ರೋಟೀನಿನಲ್ಲಿ ಗಂಟು ಅಪರೂಪ. ಮಾದರಿ ಕಟ್ಟುವಾಗ ಹಾಗೆ ಕಂಡರೆ ಎಳೆಯನ್ನು ಎಲ್ಲೋ ತಪ್ಪಾಗಿ ಹೊಂದಿಸಿದ್ದೇವೆ ಎಂದೇ ಅನುಮಾನ ಪಡಬೇಕು. ಅಳಿಸಿ, ಉಳಿದ ಮಾದರಿಯನ್ನು ಡೇಟಾಗೆ ಹೊಂದುವಂತೆ ರಿಫೈನ್ ಮಾಡಿ, ಕೂಟ್ ಎಂಬ ತಂತ್ರಾಂಶದಲ್ಲಿ ವ್ಯತ್ಯಾಸ ನಕ್ಷೆ ತೆರೆದೆ; ಡೇಟಾದಲ್ಲಿದ್ದು ಮಾದರಿಯಲ್ಲಿಲ್ಲದ್ದನ್ನು ಅದು ಹಸಿರಾಗಿ ತೋರಿಸುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ಹಸಿರು ಬಲೆ ಎದ್ದು ನಿಂತಿತ್ತು. ಎಳೆ ಕುಣಿಕೆಯೊಳಗೆ ಹೊಕ್ಕು ಆಚೆ ಬರುವುದು ಕಡಿಯದೆ ಕಾಣುತ್ತಿತ್ತು. ಐಸೊಲ್ಯೂಸಿನ್‌ನ ಕವಲು ಕೂಡ. ಬಿಲಿವರ್ಡಿನ್‌ನ ಎ ಉಂಗುರದಿಂದ ಸಿಸ್ಟೀನ್‌ನ ಗಂಧಕದವರೆಗೆ ಸಾಂದ್ರತೆ ಒಂದೇ ಸಮನೆ ಹರಿದಿತ್ತು. ಅದನ್ನು ನಾನು ಇಟ್ಟಿರಲಿಲ್ಲ, ಡೇಟಾ ಇಟ್ಟಿತ್ತು.

ಅಷ್ಟು ಬಿಗಿಯಾದ ಜಾಗದಲ್ಲಿ ಎಳೆ ತಿರುಗುವ ಕೋನಗಳು ಸಾಧ್ಯವೇ ಎಂದು ನೋಡಲು ರಾಮಚಂದ್ರನ್ ನಕ್ಷೆ ತೆಗೆದೆ. 1963ರಲ್ಲಿ ಮದರಾಸಿನಲ್ಲಿ ರೂಪುಗೊಂಡ ಆ ನಕ್ಷೆ ಇವತ್ತಿಗೂ ಜಗತ್ತಿನ ಪ್ರತಿ ಪ್ರೋಟೀನ್ ರಚನೆಯ ಪರೀಕ್ಷೆ. ಜಿ. ಎನ್. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಗಂಟಿನ ಕೋನಗಳೆಲ್ಲ ನಕ್ಷೆಯ ಒಪ್ಪಿತ ವಲಯದಲ್ಲೇ ಇದ್ದವು.

ಬಿಲಿವರ್ಡಿನ್‌ನ ನಾಲ್ಕು ಉಂಗುರಗಳಲ್ಲಿ ಎ, ಬಿ, ಸಿ ಉಂಗುರಗಳ ಸಾರಜನಕಗಳ ನಡುವೆ ಒಂದು ನೀರಿನ ಅಣು ಕೂತಿದೆ. 207ನೇ ಆಸ್ಪಾರ್ಟೇಟ್‌ನ ಬೆನ್ನೆಲುಬಿನ ಆಮ್ಲಜನಕವೂ ಅದರ ಜೊತೆಗೂಡುತ್ತದೆ. ಅದನ್ನೂ ಅಳಿಸಿ ನೋಡಿದೆ, ಮೊದಲ ಸುತ್ತಿನಲ್ಲೇ ಮರಳಿ ಬಂತು. ಬೆಳಕು ಬಿದ್ದಾಗ ಮಗುಚಿಕೊಳ್ಳುವುದು ಡಿ ಉಂಗುರ. ಅಲ್ಲಿ ಸಾಂದ್ರತೆ ಉಳಿದ ಮೂರರಷ್ಟು ಗಟ್ಟಿಯಾಗಿರಲಿಲ್ಲ. ಎಳೆಯ ತೀರಾ ಮೊದಲಿನ ಕೆಲವು ಅಮೈನೊ ಆಮ್ಲಗಳಂತೂ ಕಾಣಲೇ ಇಲ್ಲ. ಅವುಗಳನ್ನು ಊಹಿಸಿ ಕಟ್ಟದೆ ಹಾಗೇ ಬಿಟ್ಟೆವು. ಬದಲಾಯಿಸಿದ ರೂಪಗಳ ಹರಳುಗಳಿಗೂ ಈಗ ಇದೇ ಕ್ರಮ: ಬದಲಾದ ಅಮೈನೊ ಆಮ್ಲವನ್ನೂ ಅದರ ನೆರೆಹೊರೆಯನ್ನೂ ಅಳಿಸಿಯೇ ಮೊದಲ ನಕ್ಷೆ ತೆರೆಯುವುದು.