ಸಣ್ಣ ಮೊತ್ತದಿಂದ ಲಾಭಾಂಶದ ಹೂಡಿಕೆ: ಆರಂಭಿಸುವುದು ಹೇಗೆ?

ಕಂಪನಿಯೊಂದು ತನ್ನ ಗಳಿಕೆಯಲ್ಲಿ ಷೇರುದಾರರಿಗೆ ಹಂಚುವ ಪಾಲೇ ಲಾಭಾಂಶ. ಇದು ಠೇವಣಿಯ ಬಡ್ಡಿಯಂತೆ ಕರಾರಿನ ಹಣವಲ್ಲ. ಆಡಳಿತ ಮಂಡಳಿ ತೀರ್ಮಾನಿಸಿದರೆ ಕಡಿಮೆಯಾಗಬಹುದು, ನಿಂತೂ ಹೋಗಬಹುದು. ಆದ್ದರಿಂದ ಹೆಚ್ಚು ಬಡ್ಡಿಯ ಸಾಲವನ್ನು ತೀರಿಸಿ, ತುರ್ತು ಖರ್ಚಿಗೆ ಬೇಕಾದಷ್ಟನ್ನು ಬೇರೆ ಇರಿಸಿದ ಮೇಲೆ ಉಳಿಯುವ ಹಣವನ್ನಷ್ಟೇ ಇದಕ್ಕೆ ತೊಡಗಿಸಬೇಕು.

ಷೇರು ಖಾತೆ ತೆರೆಯುವಾಗ ಮೊದಲು ಶುಲ್ಕದ ಪಟ್ಟಿಯನ್ನು ಓದಿ. ಪ್ರತಿ ಖರೀದಿಗೂ ಶೇ 2ರಷ್ಟು ಶುಲ್ಕ ತೆತ್ತರೆ, ವರ್ಷಕ್ಕೆ ಶೇ 4ರಷ್ಟು ಲಾಭಾಂಶ ಕೊಡುವ ಷೇರಿನ ಆರು ತಿಂಗಳ ಆದಾಯ ಅಲ್ಲಿಗೇ ಮುಗಿಯಿತು. ಎಷ್ಟೇ ಚಿಕ್ಕ ಖರೀದಿಗೂ ಇಂತಿಷ್ಟು ಕನಿಷ್ಠ ಶುಲ್ಕವಿದ್ದರೆ, ಎರಡು ಮೂರು ತಿಂಗಳ ಉಳಿತಾಯವನ್ನು ಕೂಡಿಸಿ ಒಮ್ಮೆಗೇ ಕೊಳ್ಳುವುದು ಲೇಸು.

ಹೊಸಬರು ಎಡವುವುದು ಷೇರಿನ ಆಯ್ಕೆಯಲ್ಲಿ. ವಾರ್ಷಿಕ ಲಾಭಾಂಶವನ್ನು ಷೇರಿನ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಡಿವಿಡೆಂಡ್ ಯೀಲ್ಡ್. ನೂರರ ಷೇರು ನಾಲ್ಕು ಕೊಟ್ಟರೆ ಅದು ಶೇ 4. ಅದೇ ಷೇರು ಐವತ್ತಕ್ಕೆ ಕುಸಿದರೆ, ಕಂಪನಿ ಒಂದು ಬಿಡಿಗಾಸನ್ನೂ ಹೆಚ್ಚು ಕೊಡದಿದ್ದರೂ ಪಟ್ಟಿಯಲ್ಲಿ ಶೇ 8 ಎಂದು ಕಾಣಿಸುತ್ತದೆ. ಹೀಗಾಗಿ ಯೀಲ್ಡ್ ವಿಪರೀತ ಹೆಚ್ಚಿದ್ದರೆ ಆಸೆಗಿಂತ ಮೊದಲು ಅನುಮಾನ ಮೂಡಬೇಕು. ಹೆಸರು ದೊಡ್ಡದೆಂಬುದೂ ರಕ್ಷಣೆಯಲ್ಲ: ಅಮೆರಿಕದ ಜನರಲ್ ಎಲೆಕ್ಟ್ರಿಕ್ 2017ರಲ್ಲಿ ತ್ರೈಮಾಸಿಕ ಲಾಭಾಂಶವನ್ನು 24 ಸೆಂಟ್‌ನಿಂದ 12ಕ್ಕೆ ಇಳಿಸಿ, ಮರುವರ್ಷ ಒಂದೇ ಸೆಂಟ್‌ಗೆ ತಂದಿತು. ನೀವು ಕೊಳ್ಳಲಿರುವ ಕಂಪನಿ ಲಾಭದಲ್ಲಿ ಎಷ್ಟು ಭಾಗವನ್ನು ಹಂಚುತ್ತಿದೆ, ವ್ಯವಹಾರದಿಂದ ನಿಜವಾಗಿ ಕೈಗೆ ಬರುವ ನಗದು ಅದಕ್ಕೆ ಸಾಲುತ್ತದೆಯೇ, ಸಾಲ ಬೆಳೆಯುತ್ತಿದೆಯೇ ಎಂಬುದನ್ನು ಕೆಲವು ವರ್ಷಗಳ ವಾರ್ಷಿಕ ವರದಿಗಳಲ್ಲಿ ನೋಡಬೇಕು. ಅಷ್ಟು ಓದಲು ಬಿಡುವಿಲ್ಲದವರಿಗೆ, ಲಾಭಾಂಶ ನೀಡುವ ಹಲವು ಕಂಪನಿಗಳನ್ನು ಒಟ್ಟಾಗಿ ಹಿಡಿದಿರುವ, ಕಡಿಮೆ ವೆಚ್ಚದ ಇಂಡೆಕ್ಸ್ ಫಂಡ್ ಒಂದೇ ಸಾಕೆಂಬುದು ನನ್ನ ಅಭಿಪ್ರಾಯ.

ಲಾಭಾಂಶದ ಆಸೆಗೆ ಎಕ್ಸ್-ಡಿವಿಡೆಂಡ್ ದಿನದ (ಅಂದಿನಿಂದ ಕೊಂಡವರಿಗೆ ಆ ಬಾರಿಯ ಲಾಭಾಂಶ ಸಿಗದು) ಮುನ್ನಾದಿನ ಷೇರು ಕೊಳ್ಳುವುದರಲ್ಲಿ ಜಾಣತನವೇನಿಲ್ಲ. ಆ ದಿನ ಬೆಲೆ ಸಾಮಾನ್ಯವಾಗಿ ಲಾಭಾಂಶದಷ್ಟೇ ತಗ್ಗುತ್ತದೆ. ಉಳಿಯುವುದು ಬಂದ ಹಣದ ಮೇಲಿನ ತೆರಿಗೆ ಮಾತ್ರ.

ಮೊದಲ ವರ್ಷಗಳಲ್ಲಿ ಬರುವ ಮೊತ್ತ ನಗು ತರಿಸುವಷ್ಟು ಚಿಕ್ಕದು. ಅದನ್ನು ಖರ್ಚು ಮಾಡದೆ ಮತ್ತೆ ಷೇರಿಗೇ ಹಾಕಿದರೆ, ಯೀಲ್ಡ್ ಶೇ 4ರಲ್ಲೇ ಉಳಿಯಿತೆಂದುಕೊಂಡು ತೆರಿಗೆಯನ್ನು ಲೆಕ್ಕದಿಂದ ಬಿಟ್ಟರೆ, ನಿಮ್ಮ ಷೇರುಗಳ ಸಂಖ್ಯೆ ಇಮ್ಮಡಿಯಾಗಲು ಸುಮಾರು 18 ವರ್ಷ ಬೇಕು. ತಿಂಗಳ ಉಳಿತಾಯವನ್ನೂ ಸೇರಿಸುತ್ತಾ ಹೋದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ.